ಬಲಗಡೆಯ ಬಾಗಿಲು

೧೫ ಜನವರಿ ೧೯೮೧, ಗುರುವಾರ

ಕೋಳಿಕ್ಕೋಡಿನ ಮೆಣಸಿನ ವ್ಯಾಪಾರಿ ನಮ್ಮ ಯಜಮಾನರಿಗೆ ಹೊಸ ವರ್ಷದ ಡೈರಿ ಎರಡು ಕಳಿಸಿದ್ದ. ಒಂದು ಇವರ ಕರಿಮೆಣಸಿನ ಅಂಗಡಿಗೆ ಹೋಯಿತು. ಇನ್ನೊಂದು ಹದಿನೈದು ದಿನ ಅಡುಗೆಮನೆಯ ಗೂಡಿನಲ್ಲಿ ಬಿದ್ದಿತ್ತು. ಇವತ್ತು ಬರೆಯಲು ವಿಷಯ ಸಿಕ್ಕಿದೆ. ಈ ಪುಲ್ಪಳ್ಳಿ ಪೇಟೆಯಲ್ಲಿ ಕನ್ನಡ ಓದುವವರು ಕಡಿಮೆ. ಮನೆಯಲ್ಲಿ ನನ್ನನ್ನು ಬಿಟ್ಟರೆ ಓದಬಲ್ಲವರು ಯಜಮಾನರೊಬ್ಬರೇ, ಅವರು ಚೀಟಿ ರಸೀದಿ ಬಿಟ್ಟು ಬೇರೇನೂ ಓದುವವರಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ಕಾರು ಬಂತು! ವಯನಾಡು ಜಿಲ್ಲೆಯಾಗಿ ಎರಡೂವರೆ ತಿಂಗಳಾಯಿತಲ್ಲ, ಅವತ್ತಿನಿಂದ ಇವರಿಗೆ ಒಂದೇ ಜಪ. "ಇನ್ಮೇಲೆ ಇದು ಜಿಲ್ಲೆ ಕಣೇ ಚಾಮು. ಜೀಪಿನ ಹಿಂದೆ ನೇತಾಡ್ಕೊಂಡು ಹೋಗೋ ಕಾಲ ಮುಗೀತು." ಕೆನೆ ಬಣ್ಣದ ಅಂಬಾಸಡರ್, ಎರಡನೇ ಕೈಯದು. ಓಡಿಸುವುದನ್ನು ಬೇರೆಯವರ ಜೀಪಿನಲ್ಲಿ ಮೂರೇ ವಾರದಲ್ಲಿ ಕಲಿತರು. ಹಿಂದಕ್ಕೆ ತೆಗೆಯುವುದು ಇನ್ನೂ ಬಂದಿಲ್ಲ, ಅದಕ್ಕೆ ಮುಂದೆ ದಾರಿಯಿರುವ ಕಡೆ ಮಾತ್ರ ನಿಲ್ಲಿಸುತ್ತಾರೆ.

ಬೆಳಿಗ್ಗೆ ತೃಶ್ಶಿಲೇರಿ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹಿಸುಕಿಸಿಕೊಂಡು ಬಂದೆವು. ಬರುವಾಗ ಮುಂದಿನ ಸೀಟಿನಲ್ಲಿ ಪ್ರಸಾದದ ತಟ್ಟೆ, ಹಿಂದೆ ನಾನು. ಅದರಲ್ಲೂ ಬಲಗಡೆಗೇ ಕೂರಬೇಕಂತೆ. ಎಡಗಡೆ ಕೂತರೆ ಇಳಿಯುವಾಗ ಎಡಗಾಲು ಮೊದಲು ನೆಲ ಮುಟ್ಟುತ್ತದೆ, ಬಲಗಡೆ ಕೂತರೆ ಬಲಗಾಲು. ಇದು ತೀರಿಹೋದ ನಮ್ಮತ್ತೆಯ ಕಾಯಿದೆ. ಮದುವೆಯಾಗಿ ಬಂದ ದಿನ ಎಡಗಾಲು ಇಟ್ಟೆನೆಂದು ನನ್ನನ್ನು ಮೂರು ಸಲ ಹೊಸಲು ದಾಟಿಸಿದ ಹೆಂಗಸು ಆಕೆ.

ಅಂಗಡಿ ಮುಂದೆ ಕಾರು ನಿಂತಿತು. ನೋಡಲು ಅರ್ಧ ಪೇಟೆ ಸೇರಿತ್ತು. ಇವರು ಮುಂದಿನಿಂದಲೇ "ಬಲಗಾಲು ಚಾಮು, ಬಲಗಾಲು!" ಅಂದರು. ಬಲಗಡೆಯ ಹಿಂದಿನ ಬಾಗಿಲು ತೆರೆದುಕೊಂಡಿತು. ಅದೇ ಹೊತ್ತಿಗೆ ಹಿಂದಿನಿಂದ ಸೈಕಲ್ಲಿನಲ್ಲಿ ಮನೆಮನೆ ಸುತ್ತುವ ನರ್ಸ್ ಹುಡುಗಿಯೊಬ್ಬಳು ಬಂದಳು. ಬಾಗಿಲಿಗೆ ಬಡಿದು ಬಿದ್ದಳು. ಯಾರೋ ಎತ್ತಿ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆಲ್ ಹೊಡೆಯದೆ ಬಂದಳು ಎಂದು ಎಲ್ಲರೂ ಹೇಳುತ್ತಿದ್ದಾರೆ. ಹೆಂಗಸಿಗೆ ಸೈಕಲ್ ಯಾತಕ್ಕೆ ಎಂದೂ ಹೇಳುತ್ತಿದ್ದಾರೆ.

ಪ್ರಸಾದದ ಬಾಳೆಹಣ್ಣು ಕಪ್ಪಾಗಿತ್ತು. ಯಾರೂ ತಿನ್ನಲಿಲ್ಲ.

೧೮ ಜನವರಿ, ಭಾನುವಾರ

ಮೂರು ದಿನದಿಂದ ಇವರು ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಕಥೆ ಹೇಳುತ್ತಿದ್ದಾರೆ. ಮೊದಲ ದಿನ ಸೈಕಲ್ "ಸ್ವಲ್ಪ ಜೋರಾಗಿ" ಬಂತು. ಎರಡನೇ ದಿನ "ಬಾಣ ಬಿಟ್ಟಂಗೆ" ಬಂತು. ಇವತ್ತು ಮುಳ್ಳನ್‌ಕೊಲ್ಲಿಯ ಇಳಿಜಾರಿನಿಂದಲೇ ಬ್ರೇಕ್ ಇಲ್ಲದೆ ಬಂತಂತೆ. ಮುಳ್ಳನ್‌ಕೊಲ್ಲಿ ಎಲ್ಲಿ, ಪೇಟೆ ಎಲ್ಲಿ! ಇನ್ನೆರಡು ದಿನ ಬಿಟ್ಟರೆ ಸೈಕಲ್ಲಿಗೆ ರೆಕ್ಕೆ ಬರುತ್ತದೆ.

"ನಿಂತಿದ್ದ ಕಾರಿಗೆ ಬಂದು ಗುದ್ದಿದ್ಲು" ಎನ್ನುವುದು ಮಾತ್ರ ದಿನವೂ ಬದಲಾಗದ ಮಾತು. ಬಾಗಿಲಿನ ಸುದ್ದಿಯೇ ಕಥೆಯಲ್ಲಿಲ್ಲ. ನನ್ನ ಕಡೆ ಒಂದು ಸಲ ನೋಡಿ, "ನೀನು ಏನೂ ಮಾತಾಡ್ಬೇಡ, ನಾನು ನೋಡ್ಕೋತೀನಿ" ಅಂದರು. ಪಾಪ, ನನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಾರೆ.

ಹುಡುಗಿಯ ಎಡಗೈ ಮಣಿಕಟ್ಟು ಮುರಿದಿದೆಯಂತೆ. ಆರು ವಾರ ಪ್ಲಾಸ್ಟರ್.

೨೨ ಜನವರಿ, ಗುರುವಾರ

ಒಂದು ಡಜನ್ ಕಿತ್ತಳೆ ಹಿಡಿದು, ಹೊಳೆ ದಡದ ಮರಕ್ಕಡವಿಗೆ ಹೋಗಿ ಆ ಹುಡುಗಿಯನ್ನು ನೋಡಿಕೊಂಡು ಬಂದೆ. ಬಸ್ಸಿನಲ್ಲಿ. ಹುಡುಗಿಯ ಹೆಸರು ಓಮನ. ಸರ್ಕಾರಿ ನರ್ಸ್. ಬಸುರಿಯರಿರುವ ಮನೆ, ಬಾಣಂತಿಯರಿರುವ ಮನೆ, ಕಾಫಿ ತೋಟದ ಕೂಲಿಗಳ ಲೈನುಮನೆ, ಎಲ್ಲಾ ಕಡೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಅಪ್ಪ ಇಲ್ಲ. ಅಣ್ಣ ಪದ್ಮನಾಭನ್ ಕಬಿನಿಯಲ್ಲಿ ದೋಣಿ ದಾಟಿಸುತ್ತಾನೆ. ನದಿಯಾಚೆ ಬೈರಕುಪ್ಪೆಯವರ ಜೊತೆ ದಿನವೂ ಮಾತಾಡಿ ಮಾತಾಡಿ ಅಣ್ಣತಂಗಿ ಇಬ್ಬರಿಗೂ ಕನ್ನಡ ಬರುತ್ತದೆ.

ಜಗಲಿಯಲ್ಲಿ ಕೂತ ಕೂಡಲೇ ಮೇಲೆ ನೋಡಿದೆ. ಸೈಕಲ್ ಅಟ್ಟದ ಮೇಲಿದೆ! ಹಗ್ಗ ಕಟ್ಟಿ ಎಳೆದು, ಒಣಮೆಣಸಿನ ಚೀಲಗಳ ಪಕ್ಕ ಮಲಗಿಸಿದ್ದಾನೆ ಪುಣ್ಯಾತ್ಮ.

"ಇನ್ನು ಅದು ಕೆಳಗೆ ಬರಲ್ಲ" ಅಂದ ಪದ್ಮನಾಭನ್. "ಬೆಲ್ ಹೊಡೀದೆ ಹೋಗಿ ಕಾರಿಗೆ ಗುದ್ದೋದಂದ್ರೆ ಏನು? ಊರೆಲ್ಲ ನಗ್ತಿದೆ. ಪ್ಲಾಸ್ಟರ್ ಬಿಚ್ಚಲಿ, ಕೆಲಸಾನೂ ಬೇಡ, ಏನೂ ಬೇಡ. ಒಂದು ಕಲ್ಯಾಣ ಮಾಡಿ ಕಳಿಸ್ತೀನಿ."

ಅವನು ದೋಣಿಗೆ ಹೋದ ಮೇಲೆ ಓಮನ ನನ್ನ ಹತ್ತಿರ ಸರಿದು ಕೂತಳು. ಇಲ್ಲಿಯವರಿಗೆ ಅಕ್ಕ ಅಂದರೆ ಚೇಚಿ. "ಚೇಚೀ, ನಾನು ಬೆಲ್ ಹೊಡೆದಿದ್ದೆ. ಎರಡು ಸಲ. ನೀವು ಕಾರಲ್ಲೇ ಇದ್ರಲ್ಲ. ನಿಮಗೆ ಕೇಳಿಸ್ತಲ್ವಾ?"

ನಾನು ಕಿತ್ತಳೆ ಸುಲಿಯುತ್ತಾ, "ನನಗೆ ಕಿವಿ ಸ್ವಲ್ಪ ಮಂದ ಕಣಮ್ಮಾ" ಅಂದೆ.

೨೩ ಜನವರಿ, ಶುಕ್ರವಾರ

ನನ್ನ ಕಿವಿ ಚೆನ್ನಾಗಿದೆ. ಬೆಲ್ ಎರಡು ಸಲ ಹೊಡೆದದ್ದು ಕೇಳಿಸಿತ್ತು. ಬಾಗಿಲು ತಾನಾಗಿ ತೆರೆದುಕೊಳ್ಳಲಿಲ್ಲ, ತೆರೆದದ್ದು ನಾನು. ಕಾಲು ನೋಡುತ್ತಿದ್ದೆ, ರಸ್ತೆ ನೋಡಲಿಲ್ಲ.

೨೬ ಜನವರಿ, ಸೋಮವಾರ

ಅಯ್ಯಯ್ಯೋ, ಎಂಥ ಫಜೀತಿ. ಓಮನ ಅವರಮ್ಮನಿಗೆ ಹೇಳಿದಳಂತೆ, ಅಮ್ಮ ಬಸ್ಸಿನಲ್ಲಿ ಯಾರಿಗೋ ಹೇಳಿದಳಂತೆ. ಈಗ ಇಡೀ ಪೇಟೆಗೆ ಗೊತ್ತು: ಮೆಣಸಿನ ಸಾಹುಕಾರರ, ಇಲ್ಲಿಯ ಮಾತಿನಲ್ಲಿ ಮೊದಲಾಳಿಯ, ಹೆಂಡತಿಗೆ ಕಿವಿ ಕೇಳುವುದಿಲ್ಲ!

ಬಟ್ಟೆ ಅಂಗಡಿಯ ದಿವಾಕರನ್ ನನ್ನನ್ನು ಕಂಡದ್ದೇ "ಚೇಚಿಗೆ ಎಂಥ ಬೇಕೂ?" ಎಂದು ಕೂಗಿದ ರಭಸಕ್ಕೆ ಎದುರಿನ ಕಟ್ಟೆಯ ಮೇಲಿದ್ದ ನಾಯಿ ಎದ್ದು ಓಡಿತು. ಇವರು ಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತು, ಪರೀಕ್ಷೆಗೆ ಮೆಲ್ಲಗೆ "ಚಾಮು" ಅಂದರು. ತಿರುಗಬಾರದೆಂದು ತಿರುಗಲಿಲ್ಲ. ಅವರ ದನಿ ಸಪ್ಪಗಾಯಿತು. "ಇಷ್ಟು ದಿನ ನನ್ನ ಮಾತು ಕೇಳ್ದೇ ಇದ್ದಿದ್ದು ಇದಕ್ಕೇನಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಗು ತಡೆಯಲಾರದೆ ಹಿತ್ತಲಿಗೆ ಹೋದೆ.

ಈಗ ದಿನಕ್ಕೆರಡು ಸಲ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ತಲೆದಿಂಬೆಲ್ಲ ಒಗ್ಗರಣೆ ವಾಸನೆ.

೩೧ ಜನವರಿ, ಶನಿವಾರ

ಕಿವುಡಿಯಾಗುವುದರಲ್ಲಿ ಇಷ್ಟು ಸುಖವಿದೆ ಎಂದು ತಿಳಿದಿದ್ದರೆ ಮದುವೆಯಾದ ವರ್ಷವೇ ಆಗಿಬಿಡುತ್ತಿದ್ದೆ. ನನ್ನ ಮುಂದೆಯೇ ಎಲ್ಲರೂ ಎಲ್ಲ ಮಾತಾಡುತ್ತಾರೆ. ಯಾರ ಸೊಸೆ ತವರಿಗೆ ಹೋದಳು, ಯಾರ ಮೆಣಸಿನಲ್ಲಿ ಪಪಾಯಿ ಬೀಜ ಸಿಕ್ಕಿತು, ನನ್ನ ಹೊಸ ಸೀರೆ ಎಷ್ಟು ಕೆಟ್ಟದಾಗಿದೆ, ಸಕಲವೂ.

ಆದರೆ ಇವತ್ತು ಕೇಳಿದ್ದು ಬೇರೆ. ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು. ಒಬ್ಬಳಿಗೆ ಎಂಟು ತಿಂಗಳು. ಓಮನ ಬರುತ್ತಿದ್ದಾಗ ವಾರಕ್ಕೊಮ್ಮೆ ಮನೆಗೇ ಬಂದು ನೋಡುತ್ತಿದ್ದಳಂತೆ. ಈಗ ಹೊಟ್ಟೆ ಹೊತ್ತುಕೊಂಡು ಆಸ್ಪತ್ರೆಗೆ ಐದು ಮೈಲಿ ನಡೆಯಬೇಕು. "ಆ ಹುಡುಗಿ ಬೆಲ್ ಹೊಡೀದೆ ಹೋದಳು ಅಂದ್ರೆ ನಾನು ನಂಬಲ್ಲ" ಎಂದಳು ಬಸುರಿ. "ನಮ್ಮ ಬೇಲಿ ಹತ್ರ ಬಂದ್ರೆ ಕೋಳಿಗೂ ಬೆಲ್ ಹೊಡೀತಿದ್ದಳು."

ನಾನು ಕಿವುಡಿಯಲ್ಲವೇ, ಸುಮ್ಮನೆ ಬಸ್ ಬರುವ ದಿಕ್ಕು ನೋಡುತ್ತಾ ನಿಂತೆ. ಮನಸ್ಸಿಗೆ ತುಂಬಾ ಕೆಟ್ಟದೆನಿಸಿತು.

೫ ಫೆಬ್ರವರಿ, ಗುರುವಾರ

ಓಮನಳನ್ನು ಮಾನಂತವಾಡಿ ಆಸ್ಪತ್ರೆಗೆ ಕೈ ತೋರಿಸಲು ಕಾರಿನಲ್ಲೇ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದೆ. ಇವರು ಒಪ್ಪಿದರು. "ತಪ್ಪು ಅವಳದ್ದಾದ್ರೂ ನಾವು ದೊಡ್ಡ ಮನಸ್ಸು ಮಾಡ್ಬೇಕು" ಎಂದು ದಾರಿಯುದ್ದಕ್ಕೂ ತಮ್ಮನ್ನು ತಾವೇ ಹೊಗಳಿಕೊಂಡರು. ಓಮನ ಕಿಟಕಿಯಾಚೆ ನೋಡುತ್ತಿದ್ದಳು.

ಆಸ್ಪತ್ರೆ ಮುಂದೆ ಒಂದು ವಿಚಿತ್ರ ಕಂಡೆ. ಓಮನ ಕೂತಿದ್ದದ್ದು ಎಡಗಡೆಯ ಬಾಗಿಲ ಪಕ್ಕ. ನಾವಾದರೆ ಪಕ್ಕದ ಎಡಗೈಯಿಂದಲೇ ಹಿಡಿ ಎಳೆಯುತ್ತೇವೆ. ಅವಳ ಎಡಗೈ ಪ್ಲಾಸ್ಟರಿನಲ್ಲಿದೆ. ಬಲಗೈ ಚಾಚಿದಳು. ಚಾಚಿದರೆ ಮೈಯೆಲ್ಲ ಬಾಗಿಲ ಕಡೆ ತಿರುಗಿತು, ಮುಖ ಹಿಂದಕ್ಕೆ ಹೊರಳಿತು. "ನಿಲ್ಲಿ ಚೇಚೀ, ಹಿಂದೆ ಆಡು ಬರ್ತಿದೆ" ಅಂದಳು. ನಿಜವಾಗಿಯೂ ಮೂರು ಆಡು! ಅವು ಹೋದ ಮೇಲೆ ಇಳಿದಳು.

ಮನೆಗೆ ಬಂದು ಶೆಡ್ಡಿನಲ್ಲಿ ಒಬ್ಬಳೇ ಕಾರೊಳಗೆ ಕೂತು ಹತ್ತು ಸಲ ಮಾಡಿ ನೋಡಿದೆ. ಬಲಗಡೆಯ ಬಾಗಿಲನ್ನು ಬಲಗೈಯಲ್ಲಿ ತೆಗೆದರೆ ಸ್ವಂತ ಮೊಣಕಾಲು ಕಾಣುತ್ತದೆ. ಎಡಗೈಯಲ್ಲಿ ತೆಗೆದರೆ ಹಿಂದಿನ ದಾರಿ ಪೂರ್ತಿ ಕಾಣುತ್ತದೆ. ಇಷ್ಟೇ. ಅವತ್ತು ಎಡಗೈ ಚಾಚಿದ್ದರೆ ಸಾಕಿತ್ತು.

೯ ಫೆಬ್ರವರಿ, ಸೋಮವಾರ

ಇವತ್ತಿನ ತಮಾಷೆ ಬರೆಯದಿದ್ದರೆ ಈ ಡೈರಿ ಇದ್ದೂ ದಂಡ.

ಬೆಳಿಗ್ಗೆ ಅಂಗಡಿ ಮುಂದೆ ಇವರು ಗತ್ತಿನಿಂದ ಕಾರು ನಿಲ್ಲಿಸಿ, ಗತ್ತಿನಿಂದಲೇ ಬಾಗಿಲು ತೆರೆದು, ಬಲಗಾಲು ಹೊರಗಿಟ್ಟರು. ಹಿಂದಿನಿಂದ ಮೀನು ಮಾರುವ ಕೇಳು ಎಂಬವನು ಬಂದ. ಅವನ ಸೈಕಲ್ಲಿನ ರಬ್ಬರ್ ಹಾರ್ನ್ "ಪೂಂ ಪೂಂ" ಎಂದರೆ ಬೈರಕುಪ್ಪೆಯ ಬೆಕ್ಕುಗಳೂ ಎದ್ದು ಕೂರುತ್ತವೆ. ಪಾಪ, ಹ್ಯಾಂಡಲ್ ತಿರುಗಿಸಿ ಬಾಗಿಲಿನಿಂದ ತಪ್ಪಿಸಿಕೊಂಡ. ಮೀನಿನ ಪೆಟ್ಟಿಗೆ ತಪ್ಪಿಸಿಕೊಳ್ಳಲಿಲ್ಲ. ಮತ್ತಿ ಮೀನು ಕಾರಿನ ಮೇಲೆ, ಸೀಟಿನ ಮೇಲೆ, ಇವರ ಬಿಳಿ ಪಂಚೆಯ ಮೇಲೆ! ಜನ್ಮದಲ್ಲಿ ಮೊಟ್ಟೆ ಮುಟ್ಟದ ಮನುಷ್ಯನ ಜೇಬಿನಲ್ಲಿ ಒಂದು ಮೀನು ಬಾಲ ಹೊರಗಿಟ್ಟುಕೊಂಡು ಕೂತಿತ್ತು.

"ಇವ್ನೂ ಬೆಲ್ ಹೊಡೀಲಿಲ್ಲ!" ಎಂದು ಇವರು ಕೂಗಿದರು.

ಪೇಟೆಗೆ ಪೇಟೆಯೇ ನಕ್ಕಿತು. ಕೇಳು ಹಾರ್ನ್ ಎತ್ತಿ ಹಿಡಿದು ಇನ್ನೊಂದು ಸಲ "ಪೂಂ" ಅನಿಸಿದ. "ಮೊದಲಾಳೀ, ಇದು ಕೇಳಿಸ್ಲಿಲ್ವಾ? ಚೇಚಿ ಕಿವಿ ಎಣ್ಣೆ ನಿಮಗೂ ಒಂದು ತೊಟ್ಟು ಬಿಟ್ಕೊಳ್ಳಿ."

ಸಂಜೆ ಇವರು ಊಟ ಮಾಡಲಿಲ್ಲ. ಮೀನು ಮೈಗೆ ತಾಗಿತೆಂದಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಅವನು ಆ ಕಡೆ ಬಿದ್ದಿದ್ರೆ ಎದುರಿಂದ ಬಸ್ಸು ಬರ್ತಿತ್ತು ಕಣೇ" ಅಂದರು. ನಾನು ಕಿವುಡಿ ಎಂಬುದನ್ನು ಮರೆತು "ಹೌದು ರೀ" ಎಂದುಬಿಟ್ಟೆ. ಅವರೂ ಗಮನಿಸಲಿಲ್ಲ.

೧೨ ಫೆಬ್ರವರಿ, ಗುರುವಾರ

ಎಡಗೈಯಿಂದ ಬಾಗಿಲು ತೆರೆಯಿರಿ ಎಂದು ನಿನ್ನೆ ಇವರಿಗೆ ನೇರವಾಗಿ ಹೇಳಿ ನೋಡಿದೆ. "ಥೂ, ಶುಭಕ್ಕೆ ಹೊರಟಾಗ ಎಡಗೈ ಯಾರಾದ್ರೂ ಚಾಚ್ತಾರಾ?" ಅಂದರು. ಸರಿ, ಇದಕ್ಕೆ ಬೇರೆ ಮದ್ದು ಬೇಕೆಂದುಕೊಂಡೆ.

ಇವತ್ತು ಬೆಳಿಗ್ಗೆ ಕಾಫಿ ಕೊಡುವಾಗ ಕಣ್ಣೊರೆಸಿಕೊಂಡು ಹೇಳಿದೆ. "ರೀ, ಅತ್ತೆ ಕನಸಲ್ಲಿ ಬಂದಿದ್ರು."

ಲೋಟ ಕೆಳಗಿಟ್ಟರು. "ಅವ್ವನಾ? ಏನಂದ್ಲು?"

"ಬಯ್ದ್ರು. 'ದೇವರಿಗೆ ಹೂ ಏರಿಸೋ ಬಲಗೈಯಲ್ಲಿ, ನೂರು ಜನ ಮುಟ್ಟಿದ ಆ ಕಬ್ಬಿಣದ ಹಿಡಿ ಮುಟ್ತಾನಲ್ಲ ನನ್ನ ಮಗ! ಕೀಳು ಕೆಲಸಕ್ಕೆ ಎಡಗೈ ಇಲ್ವಾ ಅವನಿಗೆ? ಹಿಡಿಗೆ ಎಡಗೈ, ನೆಲಕ್ಕೆ ಬಲಗಾಲು' ಅಂದ್ರು."

ಅಂದವಳೇ ಅಡುಗೆಮನೆಗೆ ಓಡಿದೆ. ಇಣುಕಿ ನೋಡಿದರೆ ಇವರು ಕೂತಲ್ಲೇ ಗಾಳಿಯಲ್ಲಿ ಎಡಗೈ ಚಾಚಿ, ಬಲಗಾಲು ಎತ್ತಿ ಅಭ್ಯಾಸ ಮಾಡುತ್ತಿದ್ದಾರೆ. "ಅವ್ವ ಹೇಳಿದ್ರೆ ಅದ್ರಲ್ಲಿ ಏನೋ ಅರ್ಥ ಇರುತ್ತೆ" ಎನ್ನುವುದು ಕೇಳಿಸಿತು.

೨೦ ಫೆಬ್ರವರಿ, ಶುಕ್ರವಾರ

ಅತ್ತೆಯ ಕನಸು ಪೇಟೆಯೆಲ್ಲ ಸುತ್ತಿದೆ. ಇವರೇ ಹೇಳಿಕೊಂಡು ಬಂದಿದ್ದಾರೆ. ಜೀಪಿನ ಕಣ್ಣನ್ ಎಡಗೈಯಲ್ಲಿ ಬಾಗಿಲು ತೆಗೆಯುತ್ತಾನೆ. ಅಕ್ಕಿ ಅಂಗಡಿಯ ಬಾಲನ್ ತೆಗೆಯುತ್ತಾನೆ. ದಿವಾಕರನ್‌ಗೆ ಕಾರೇ ಇಲ್ಲ, ಅವನು ಅಂಗಡಿಯ ಬಾಗಿಲನ್ನೇ ಎಡಗೈಯಲ್ಲಿ ತೆಗೆದು ವ್ಯಾಪಾರ ಹೆಚ್ಚಿತು ಎನ್ನುತ್ತಿದ್ದಾನೆ. ಬದುಕಿದ್ದಾಗ ಅತ್ತೆಯ ಮಾತಿಗೆ ಇಷ್ಟು ಬೆಲೆ ಇರಲಿಲ್ಲ.

ಬಸ್ಸಿನಲ್ಲಿ ಇನ್ನೊಂದು ಕೇಳಿದೆ. ೨೬ಕ್ಕೆ ಓಮನಳ ಪ್ಲಾಸ್ಟರ್ ಬಿಚ್ಚುತ್ತಾರೆ. ಅವತ್ತೇ ಅವಳು ರಾಜೀನಾಮೆಗೆ ಸಹಿ ಹಾಕಬೇಕಂತೆ. ಪದ್ಮನಾಭನ್ ಕಾಗದ ಬರೆಸಿ ಇಟ್ಟಿದ್ದಾನೆ. ಸೈಕಲ್ ಕೊಳ್ಳಲು ಕಣಿಯಾರ ಎಂಬ ಊರಿನವನೊಬ್ಬನೂ ಬಂದು ನೋಡಿ ಹೋದನಂತೆ.

ಸತ್ತ ಅತ್ತೆಯ ಹೆಸರಿನಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬಂತು. ನನ್ನ ಹೆಸರಿನಲ್ಲಿ ಒಂದು ನಿಜ ಬರುತ್ತಿಲ್ಲ. ಬಂದರೆ ಇವರು ಒಂದು ತಿಂಗಳಿಂದ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಮೊದಲಾಳಿ ಸುಳ್ಳ ಎನ್ನಿಸಿಕೊಂಡರೆ ಅವರ ತಕ್ಕಡಿಯನ್ನು ಯಾರು ನಂಬುತ್ತಾರೆ?

೨೫ ಫೆಬ್ರವರಿ, ಬುಧವಾರ

ಎಣ್ಣೆ ಬಿಡಲು ಬಂದ ಇವರ ಕೈ ಹಿಡಿದುಕೊಂಡೆ. "ಬೇಡ ರೀ. ನನಗೆ ಕಿವಿ ಚೆನ್ನಾಗಿ ಕೇಳುತ್ತೆ. ಅವತ್ತು ಬೆಲ್ಲೂ ಕೇಳಿಸಿತ್ತು. ನಾಳೆ ಮರಕ್ಕಡವಿಗೆ ಹೋಗಿ ಹೇಳ್ತೀನಿ."

ಎಣ್ಣೆಯ ಬಟ್ಟಲು ಕೆಳಗಿಟ್ಟರು. ಆಮೇಲೆ, "ಹಂಗಾದ್ರೆ ನಾನು ಏನಾಗ್ಬೇಕು?" ಅಂದರು.

ಬಟ್ಟಲು ಎತ್ತಿ ಗೂಡಿನಲ್ಲಿಟ್ಟು ಬಂದೆ. ಭಯವಾಗುತ್ತಿದೆ.

೨೬ ಫೆಬ್ರವರಿ, ಗುರುವಾರ

ಬಸ್ಸಿಗೆಂದು ಹೊರಟೆ. ಇವರು ಆಗಲೇ ಕಾರಿನಲ್ಲಿ ಕೂತಿದ್ದರು. "ಹತ್ತು" ಅಂದರು. ಅಷ್ಟೇ. ಕಾರು ನೇರ ಮರಕ್ಕಡವಿಗೆ ಬಿಟ್ಟರು.

ಜಗಲಿಯ ಮೇಲೆ ಕಾಗದ, ಪೆನ್ನು. ಓಮನಳ ಕೈ ತೆಳ್ಳಗೆ ಬಿಳಿಚಿಕೊಂಡಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ, ಬಿಟ್ಟ ಮೇಲೆ ಧೈರ್ಯ ಹೋಗುತ್ತದೆಂದು. "ಪದ್ಮನಾಭಾ, ನಿನ್ನ ತಂಗಿ ಬೆಲ್ ಹೊಡೆದಿದ್ದಳು. ಎರಡು ಸಲ. ನನಗೆ ಕೇಳಿಸ್ತು. ಕೇಳಿಸಿದ ಮೇಲೂ ಬಾಗಿಲು ತೆಗೆದೆ. ಬಲಗಾಲು ಮೊದಲು ಇಡ್ಬೇಕು ಅಂತ ಕಾಲೇ ನೋಡ್ತಿದ್ದೆ. ತಪ್ಪು ನಂದು."

ಪದ್ಮನಾಭನ್ ನನ್ನನ್ನು ಬಿಟ್ಟು ಇವರನ್ನು ನೋಡಿದ. "ಮೊದಲಾಳೀ, ಬ್ರೇಕಿಲ್ಲದೆ ಬಂದು ಗುದ್ದಿದ್ಲು ಅಂದ್ರಲ್ಲ?"

ಇವರು ಕೆಮ್ಮಿದರು. ಪಂಚೆಯ ಅಂಚು ಸರಿಮಾಡಿಕೊಂಡರು. "ಅಂದೆ. ಸುಳ್ಳು ಹೇಳ್ದೆ ಕಣಪ್ಪಾ. ಬಲಗಾಲು, ಬಲಗಾಲು ಅಂತ ಇವಳಿಗೆ ಕೂಗಿದ್ದೂ ನಾನೇ. ಪೇಟೇಲೂ ಹೇಳ್ತೀನಿ." ಇಪ್ಪತ್ತೆರಡು ವರ್ಷದಲ್ಲಿ ಆ ಬಾಯಿಂದ ಇಂಥ ಮಾತು ಕೇಳಿದ್ದು ಇದೇ ಮೊದಲು. ಅತ್ತುಬಿಟ್ಟೆ.

ಓಮನ ಮಾತ್ರ ಚಕಿತಳಾಗಲಿಲ್ಲ. "ನನಗೆ ಗೊತ್ತಿತ್ತು ಚೇಚೀ. ಬಾಗಿಲು ತೆಗೆದಾಗ ಮೊದಲು ಕಂಡಿದ್ದು ಕಾಲುಂಗುರ."

"ಮತ್ತೆ ಯಾಕಮ್ಮಾ ಹೇಳಲಿಲ್ಲ?"

"ಹೇಳಿದ್ದೆ. ಮೊದಲ ದಿನವೇ ಅಣ್ಣನಿಗೆ ಹೇಳಿದ್ದೆ. ಯಾರು ನಂಬಿದ್ರು?"

ಪದ್ಮನಾಭನ್ ತಲೆ ತಗ್ಗಿಸಿದ. ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ಏಣಿ ತಂದ. ಸೈಕಲ್ ಇಳಿಸುವಾಗ ಇವರು ಕೆಳಗೆ ನಿಂತು ಹಿಡಿದುಕೊಂಡರು. ಎರಡು ಹಿಡಿ ಒಣಮೆಣಸು ಇವರ ತಲೆಯ ಮೇಲೆ ಸುರಿಯಿತು. ಓಮನ ಸೀನುತ್ತಾ ನಕ್ಕಳು.

೧೪ ಮಾರ್ಚ್, ಶನಿವಾರ

ಹದಿನೈದು ದಿನ ಬರೆಯಲು ಬಿಡುವಾಗಲಿಲ್ಲ. ಮೊದಲ ಮಳೆ ಬಿದ್ದು ಕಾಫಿ ಹೂ ಬಿಟ್ಟಿದೆ, ಊರೆಲ್ಲ ಘಮ ಅನ್ನುತ್ತಿದೆ. ಆ ಎಂಟು ತಿಂಗಳ ಬಸುರಿಗೆ ಹೆಣ್ಣು ಮಗು, ಓಮನಳೇ ಹೋಗಿ ಹೆರಿಗೆ ಮಾಡಿಸಿದಳು. ಪೇಟೆಯವರು ಇವರನ್ನು ಒಂದು ವಾರ ಚುಡಾಯಿಸಿದರು, ಆಮೇಲೆ ಬಿಟ್ಟರು. ತಕ್ಕಡಿಗೆ ಏನೂ ಆಗಲಿಲ್ಲ. ದಿವಾಕರನ್ ಮಾತ್ರ ಎಷ್ಟು ಹೇಳಿದರೂ ನನ್ನ ಹತ್ತಿರ ಇನ್ನೂ ಕೂಗಿಯೇ ಮಾತಾಡುತ್ತಾನೆ.

ಅತ್ತೆಯ ಕನಸಿನ ನಿಜ ಇವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಒಂದೇ ತಿಂಗಳಲ್ಲಿ ಎಷ್ಟು ನಿಜ ಹೇಳಲಾಗುತ್ತದೆ?

ಇವತ್ತು ಅಂಗಡಿ ಮುಂದೆ ಕಾರು ನಿಂತಿತು. ನಾನು ಹಿಂದೆ, ಬಲಗಡೆಯೇ. ಎಡಗೈ ಚಾಚಿದೆ. ಮುಂದೆ ಇವರೂ ಎಡಗೈ ಚಾಚಿದರು. ಇಬ್ಬರ ಮುಖವೂ ಒಟ್ಟಿಗೆ ಹಿಂದಕ್ಕೆ ತಿರುಗಿತು. ದೂರದಲ್ಲಿ ಓಮನ ಬರುತ್ತಿದ್ದಳು, ನಿಧಾನವಾಗಿ, ಔಷಧಿ ಚೀಲ ಹ್ಯಾಂಡಲಿಗೆ ಸಿಕ್ಕಿಸಿಕೊಂಡು.

"ಅವಳು ಹೋಗ್ಲಿ, ಕೂತ್ಕೋ" ಅಂದರು ಇವರು.

ಕೂತೆವು. ಅವಳು ನಮ್ಮನ್ನು ನೋಡಿದಳು, ನಾವು ಕಾಯುತ್ತಿರುವುದನ್ನೂ ನೋಡಿದಳು. ಆದರೂ ತುಂಟಿ, ಕಾರಿನ ಹಿಂದಿನಿಂದ ಮುಂದಿನವರೆಗೆ ಬಿಡದೆ ಬೆಲ್ ಹೊಡೆಯುತ್ತಲೇ ಹೋದಳು. ಒಂದಲ್ಲ ಎರಡಲ್ಲ, ಹನ್ನೆರಡು ಸಲ. ಹನ್ನೆರಡೂ ಕೇಳಿಸಿತು.